ಬೋಣಿಗೆ ತಂದ ಕಂಬಳಿ

ನನ್ನ ಯಜಮಾನರು ತೀರಿಕೊಂಡು ಎರಡು ವರ್ಷದ ಮೇಲಾಯಿತು. ಅವರ ವಿಷಯ ಬರೆಯೋಣವೆಂದು ಕೂತಾಗಲೆಲ್ಲ ಅವರ ಮುಖಕ್ಕಿಂತ ಮೊದಲು ಒಂದು ಕಂಬಳಿ ಕಣ್ಣಮುಂದೆ ಬರುತ್ತದೆ. ಜೊತೆಗೆ ಸಿಟ್ಟೂ ಬರುತ್ತದೆ. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದೆಂದು ಮನೆಗೆ ಬಂದವರೆಲ್ಲ ಹೇಳಿದರು. ನಾನು ಇಟ್ಟುಕೊಂಡಿದ್ದೇನೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಮೇಲೆಯೇ ಇದೆ, ಆದ್ದರಿಂದ ಅವರಿಗೆ ಅಷ್ಟೇನೂ ಭಾರವಾಗಲಾರದು.

ಆ ಕಂಬಳಿಯನ್ನು ನಾನು ಮುಳಬಾಗಿಲ ಸಂತೆಯಲ್ಲಿ ಬೋಣಿಗೆ ತಂದದ್ದು. ದಿನದ ಮೊದಲ ವ್ಯಾಪಾರಕ್ಕೆ ನಮ್ಮಲ್ಲಿ ಬೋಣಿ ಎನ್ನುತ್ತಾರೆ. ಮೊದಲು ಬಂದ ಗಿರಾಕಿ ಬರಿಗೈಲಿ ತಿರುಗಿಹೋದರೆ ಅವತ್ತಿನ ದಿನವೆಲ್ಲ ಹಾಗೇ ಎಂದು ಮಾರುವವರ ನಂಬಿಕೆ. ಅದಕ್ಕೇ ಒಂದಿಷ್ಟು ಬಿಟ್ಟುಕೊಟ್ಟಾದರೂ ಮೊದಲ ವ್ಯಾಪಾರ ಮುಗಿಸುತ್ತಾರೆ, ಬಂದ ಕಾಸನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಅವರು ಎಷ್ಟು ಬಿಡಬೇಕು, ನಾವು ಎಷ್ಟು ಕೇಳಬೇಕು ಎಂಬುದಕ್ಕೆ ಯಾವ ಕಟ್ಟಳೆಯೂ ಇಲ್ಲ. ಕೇಳುವವರ ಮನಸ್ಸಿಗೆ ಬಿಟ್ಟದ್ದು. ನನ್ನ ಮನಸ್ಸನ್ನು ಈ ವಿಷಯದಲ್ಲಿ ತಿದ್ದಿದವರು ನನ್ನ ಸೋದರತ್ತೆ.

ತಾಯಿಯಿಲ್ಲದ ನನ್ನನ್ನೂ ನನ್ನ ತಮ್ಮನನ್ನೂ ಮಾಲೂರಿನಲ್ಲಿ ಸಾಕಿದವರು ಅವರು. ನನಗೆ ಎಂಟೋ ಒಂಬತ್ತೋ ವರ್ಷ. ಸಂತೆಯ ದಿನ ಬೆಳಕು ಹರಿಯುವ ಮೊದಲೇ ನನ್ನನ್ನು ಎಬ್ಬಿಸಿ, ತಲೆ ಬಾಚಿ, ಕುಂಕುಮ ಇಟ್ಟು ಕರೆದುಕೊಂಡು ಹೋಗುತ್ತಿದ್ದರು. ನನ್ನದು ಒಳ್ಳೆಯ ಕೈ ಎಂದು ಸಂತೆಯಲ್ಲಿ ಹೆಸರಾಗಿತ್ತು. ಒಂದು ಸಲ ನಾನು ಬೋಣಿ ಮಾಡಿದ ಸೊಪ್ಪಿನವಳ ಬುಟ್ಟಿ ಮಧ್ಯಾಹ್ನದೊಳಗೆ ಖಾಲಿಯಾಯಿತಂತೆ. ಅಲ್ಲಿಂದ ಶುರು. “ಬಾ ತಾಯಿ, ನನ್ ಕಡೆ ಒಂದು ಕೈ ಇಟ್ಟು ಹೋಗು” ಎಂದು ದೂರದಿಂದಲೇ ಕರೆಯುವವರು. ಅತ್ತೆ ಆ ಕರೆಗಳನ್ನೆಲ್ಲ ಕೇಳಿಸಿಕೊಂಡು, ಯಾರ ಹತ್ತಿರ ನಮಗೆ ಬೇಕಾದ ಸಾಮಾನು ಇದೆಯೋ ಅಲ್ಲಿ ಮಾತ್ರ ನಿಲ್ಲುತ್ತಿದ್ದರು.

“ಮಗೂ ಕೈ ಬೋಣಿ ಬೇಕೂಂದ್ರೆ ಸುಮ್ನೆ ಬರ್ತದಾ? ನಾಕು ಕಟ್ಟು ಕೊಡು ಕಾಸಿಗೆ.”

“ನಾಕು ಕಟ್ಟಾ! ನಿಮ್ಮನ್ನ ನೋಡಿದ್ರೇ ನನ್ ಸೊಪ್ಪು ಬಾಡೋಗ್ತದೆ ಕಣಮ್ಮೋ. ಮಗೂ ಒಂದನ್ನೇ ಕಳಿಸ್ಬಾರ್ದಾ?”

“ಕಳಿಸಿದ್ರೆ ನೀನು ಅದನ್ನೂ ಬುಟ್ಟೀಲಿ ಹಾಕ್ಕೊಂಡು ಮಾರಿಬಿಡ್ತೀಯ. ತೆಗಿ, ತೆಗಿ.”

ಇಬ್ಬರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅತ್ತೆಯ ಪಾಠಗಳು ಅನೇಕ. ಬೇಕಾದ ವಸ್ತುವನ್ನು ನೋಡಬಾರದು, ಅದರ ಪಕ್ಕದ್ದರ ಬೆಲೆ ಕೇಳಬೇಕು. ಕೊಳ್ಳುವುದಕ್ಕೆ ಮೊದಲು ಒಂದು ಕುಂದು ಹುಡುಕಬೇಕು. ಇವುಗಳಿಗೆಲ್ಲ ಮೀರಿದ್ದು ಇನ್ನೊಂದಿತ್ತು. ಬೋಣಿಯ ಹೊತ್ತಿನಲ್ಲಿ ಬೆಲೆ ಕುದುರದೆ ಎಳೆದಾಡುತ್ತಿದ್ದರೆ, ನಾವು ಕೊಡಬೇಕೆಂದಿರುವ ಕಾಸನ್ನು ಅವರ ಚಾಪೆಯ ಮೇಲೆ ಇಟ್ಟುಬಿಡಬೇಕು. ಮೊದಲು ಬಂದ ಲಕ್ಷ್ಮಿಯನ್ನು ಹಿಂದಕ್ಕೆ ತಳ್ಳಲು ಯಾರಿಗೂ ಕೈ ಬರುವುದಿಲ್ಲ. ಅತ್ತೆ ಈ ಕೊನೆಯ ಉಪಾಯವನ್ನು ಅಪರೂಪಕ್ಕೆ ಬಳಸುತ್ತಿದ್ದರು. ಎಲ್ಲಿ ಬಳಸಬಾರದೆಂದು ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ, ಆದರೆ ಅದನ್ನು ನನಗೆ ಹೇಳಿಕೊಡಲಿಲ್ಲ. ನಾನು ಕೇಳಲೂ ಇಲ್ಲ.

ಲೋವರ್ ಸೆಕೆಂಡರಿ ಮುಗಿಸಿದ ವರ್ಷ ಮದುವೆಯಾಯಿತು. ಯಜಮಾನರು ಶ್ರೀನಿವಾಸಪುರದ ಕಡೆ ಪ್ರೈಮರಿ ಶಾಲೆಯ ಮೇಷ್ಟರು. ಮೊದಲ ಬೇಸಿಗೆಯಲ್ಲೇ ನನಗೆ ಅವರ ಸ್ವಭಾವ ತಿಳಿಯಿತು. ಒಂದು ದಿನ ಶಾಲೆಯಿಂದ ಬರುತ್ತಾ ಒಂದು ಮಂಕರಿ ಮಾವಿನಹಣ್ಣು ಹೊರಿಸಿಕೊಂಡು ಬಂದರು. ಹೊತ್ತು ತಂದ ಮುದುಕ ಹೇಳಿದಷ್ಟನ್ನೂ ಕೊಟ್ಟು ಕಳಿಸಿದರು. ನಾನು ಮಂಕರಿ ಸುರಿದು ನೋಡಿದರೆ ಕೆಳಗಿನ ಸಾಲೆಲ್ಲ ಕೊಳೆತಿತ್ತು.

“ಏನ್ರೀ ಇದು, ಬಗ್ಗಿ ನೋಡ್ಬಾರ್ದಾಗಿತ್ತಾ?”

“ಅಷ್ಟು ದೂರದಿಂದ ಹೊತ್ತು ತಂದಿದ್ದ ಕಣೇ.”

“ಹೊತ್ತು ತಂದಿದ್ದಕ್ಕೆ ಕೂಲಿ ಕೊಟ್ರೋ, ಹಣ್ಣಿಗೆ ದುಡ್ಡು ಕೊಟ್ರೋ?”

“ಎರಡಕ್ಕೂ ಅಂದ್ಕೋ” ಎಂದು ನಕ್ಕು, ಒಂದು ಚೆನ್ನಾಗಿರುವ ಹಣ್ಣು ಆರಿಸಿಕೊಂಡು ಜಗಲಿಯ ಮೇಲೆ ಕೂತರು.

ಎಲ್ಲರೂ ಅವರನ್ನು ದೊಡ್ಡ ಮನಸ್ಸಿನವರು ಎನ್ನುತ್ತಿದ್ದರು. ನನ್ನನ್ನು ಗಟ್ಟಿಗಿತ್ತಿ ಎನ್ನುತ್ತಿದ್ದರು, ಆ ಮಾತಿನಲ್ಲಿ ಹೊಗಳಿಕೆ ಎಷ್ಟು ಎಂಬುದು ನನಗೆ ತಿಳಿಯದೆ ಇರಲಿಲ್ಲ. ಮೇಷ್ಟರ ಸಂಬಳದಲ್ಲಿ ದೊಡ್ಡ ಮನಸ್ಸು ತಿಂಗಳ ಹತ್ತನೆಯ ತಾರೀಖಿನವರೆಗೆ ನಡೆಯುತ್ತದೆ. ಅಲ್ಲಿಂದ ಮುಂದಕ್ಕೆ ಸಂಸಾರ ನಡೆಸಿದ್ದು ನನ್ನ ಚೌಕಾಶಿ. ಅವರು ಯಾರಿಗೋ ಎರಡಾಣೆ ಹೆಚ್ಚು ಕೊಟ್ಟ ದಿನ ನಾನು ಬೇಳೆಯವನ ಹತ್ತಿರ ಎರಡಾಣೆ ಕಿತ್ತುಕೊಂಡು ಬರುತ್ತಿದ್ದೆ. ಧರ್ಮ ಅವರ ಲೆಕ್ಕಕ್ಕೆ, ಜಗಳ ನನ್ನ ಲೆಕ್ಕಕ್ಕೆ. ಇದನ್ನು ಅವರ ಮುಂದೆ ಹೇಳಿದ್ದೇನೆ. ಅವರು ಒಪ್ಪಿಕೊಳ್ಳುತ್ತಿದ್ದರು. ಒಪ್ಪಿಕೊಂಡು ಮರುದಿನ ಮತ್ತೆ ಅದನ್ನೇ ಮಾಡುತ್ತಿದ್ದರು. ಜಗಳವಾಡುವವರ ಜೊತೆ ಬದುಕಬಹುದು, ಒಪ್ಪಿಕೊಳ್ಳುವವರ ಜೊತೆ ಕಷ್ಟ.

ಯುದ್ಧ ಶುರುವಾದ ಮೇಲೆ ಮುಳಬಾಗಿಲಿಗೆ ವರ್ಗವಾಯಿತು. ಸೀಮೆಎಣ್ಣೆ, ಬಟ್ಟೆ, ಅಕ್ಕಿ ಎಲ್ಲದಕ್ಕೂ ಬರ ಬಂತು. ಯಜಮಾನರಿಗೆ ಮೊದಲಿಂದಲೂ ಇದ್ದ ದಮ್ಮು ಅಲ್ಲಿ ಜೋರಾಯಿತು. ಚಳಿ ಬಂದರೆ ಎದೆ ಸಿಳ್ಳೆ ಹಾಕುವ ಹಾಗೆ ಸದ್ದು ಮಾಡುತ್ತಿತ್ತು. ಡಾಕ್ಟರು ಔಷಧಿ ಕೊಟ್ಟು, ಬೆಚ್ಚಗಿಡಿ, ಮೈಗೆ ಥಂಡಿ ತಾಗಿಸಬೇಡಿ ಎಂದರು. ಮನೆಯಲ್ಲಿದ್ದ ಹಳೆಯ ಕಂಬಳಿ ಜರಡಿಯಾಗಿತ್ತು. ಹೊಸದೊಂದು ತರಲೇಬೇಕಾಯಿತು.

ಸಂತೆಯಲ್ಲಿ ಕಂಬಳಿ ಮಾರಲು ಬರುತ್ತಿದ್ದವನು ಒಬ್ಬನೇ. ನೇಯುವವನೂ ಅವನೇ. ಐವತ್ತರ ಆಸುಪಾಸು, ಬಿಳಿ ಮೀಸೆ, ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವನು. ಆ ಬೆಳಿಗ್ಗೆ ಅವನು ಚಾಪೆ ಹಾಸುವಾಗಲೇ ನಾನು ಹೋಗಿ ನಿಂತೆ. ಮಂಜು ಇನ್ನೂ ಕರಗಿರಲಿಲ್ಲ. ನಾಲ್ಕೋ ಐದೋ ಕಂಬಳಿ ತಂದಿದ್ದ. ಒಂದನ್ನು ಬಿಡಿಸಿದ. ಕರಿ ಉಣ್ಣೆ, ಬಿಗಿಯಾದ ನೇಯ್ಗೆ, ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ.

“ಆರು ರೂಪಾಯಿ ತಾಯಿ.”

“ಅಂಚಲ್ಲಿ ನೂಲು ಸಡ್ಲ ಐತಲ್ಲಪ್ಪಾ. ಮೂರು ಕೊಡ್ತೀನಿ.”

“ಮೂರಾ! ಮೂರಕ್ಕೆ ಉಣ್ಣೆ ಕೂಡ ಬರಲ್ಲಮ್ಮಾ ಈಗ. ಬೋಣೀ ಬೇರಂ, ಮೊದಲ ವ್ಯಾಪಾರ, ನ್ಯಾಯವಾಗಿ ಕೇಳು.”

“ಬೋಣಿ ಅಂತ್ಲೇ ಬಂದಿರೋದು. ನನ್ನ ಕೈ ಹೆಂಗಿರ್ತದೆ ಅಂತ ಆ ಸೊಪ್ಪಿನವ್ರನ್ನ ಕೇಳು.”

ಅವನು ತಲೆ ಆಡಿಸಿದ. ಹೆಂಡತಿಯೂ ಸೊಸೆಯೂ ಕೂತು ನೂಲು ತೆಗೆದದ್ದು, ತಾನು ಇಷ್ಟು ದಿನ ಕೂತು ನೇಯ್ದದ್ದು ಎಂದೆಲ್ಲ ಹೇಳುತ್ತಿದ್ದ. ನಾನು ಕೇಳಿಸಿಕೊಳ್ಳುತ್ತಾ ಸೆರಗಿನ ಗಂಟು ಬಿಚ್ಚಿದೆ. ಮೂರೂವರೆ ರೂಪಾಯಿ ಅವನ ಚಾಪೆಯ ಮೇಲೆ ಇಟ್ಟೆ.

ಅವನು ಕಾಸನ್ನು ನೋಡಿದ, ನನ್ನನ್ನು ನೋಡಿದ. ಬೇರೆ ಗಿರಾಕಿ ಒಬ್ಬರೂ ಇನ್ನೂ ಬಂದಿರಲಿಲ್ಲ. ಕೊನೆಗೆ ಬಗ್ಗಿ ಎತ್ತಿಕೊಂಡು ಕಣ್ಣಿಗೊತ್ತಿಕೊಂಡ. “ತಗೊಂಡೋಗು ತಾಯಿ” ಎಂದ, ಅಷ್ಟೇ. ಕಂಬಳಿ ಮಡಿಸಿಕೊಡಲಿಲ್ಲ. ನಾನೇ ಮಡಿಸಿಕೊಂಡೆ.

ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಕಂಬಳಿಯನ್ನು ಅವರ ಮೇಲೆ ಹೊದಿಸಿ, ಹೇಗಿದೆ ಎಂದು ಕೇಳಿ, ಅವರು ಚೆನ್ನಾಗಿದೆ ಎಂದ ಕೂಡಲೇ ನಡೆದದ್ದನ್ನೆಲ್ಲ ಹೇಳಿದೆ. ಹೇಳದಿದ್ದರೆ ಆಗುತ್ತಿತ್ತು. ಐದು ರೂಪಾಯಿ ಕೊಟ್ಟೆ ಎಂದು ಸುಳ್ಳು ಹೇಳಿದ್ದರೂ ಆಗುತ್ತಿತ್ತು. ಆದರೆ ಅಗ್ಗಕ್ಕೆ ತಂದದ್ದನ್ನು ಯಾರಿಗೂ ಹೇಳದೆ ಇರುವುದು ನನ್ನ ಕೈಯಲ್ಲಿ ಆಗುವ ಮಾತಲ್ಲ.

ಅವರು ಪೂರ್ತಿ ಕೇಳಿದರು. “ಅವನು ಮೂರೂವರೆಗೆ ಒಪ್ಪಿದ್ನಾ?”

“ದುಡ್ಡು ಎತ್ಕೊಂಡ್ನಲ್ಲ.”

“ಒಪ್ಪಿದ್ನಾ ಅಂತ ಕೇಳಿದ್ದು.”

ನಾನು ಕಂಬಳಿಯ ಅಂಚು ಸರಿಮಾಡತೊಡಗಿದೆ.

“ಅವನು ಕೊಡ್ಲಿಲ್ಲ ಕಣೇ. ನೀನು ತಗೊಂಡು ಬಂದೆ” ಎಂದು ಹೇಳಿ, ಕಂಬಳಿಯನ್ನು ಮೈಮೇಲಿಂದ ತೆಗೆದು, ಮಡಿಸಿ, ಟ್ರಂಕಿನ ಮೇಲೆ ಇಟ್ಟರು. “ಮುಂದಿನ ಸಂತೇಲಿ ಮಿಕ್ಕಿದ್ದು ಕೊಟ್ಟು ಬಾ. ಆಮೇಲೆ ಹೊದ್ಕೋತೀನಿ.”

ನನಗೆ ಮೈ ಉರಿದುಹೋಯಿತು. ಬೆಳಗಿನ ಚಳಿಯಲ್ಲಿ ಹೋಗಿ ನಿಂತವಳು ನಾನು, ಇವರ ಎದೆಗಾಗಿ. ಒಂದು ವಾರ ಹೊದ್ದುಕೊಂಡರೆ ಏನು ಪಾಪ ಬರುತ್ತದೆ? ಕೇಳಿದೆ. ಕೂಗಿದೆ ಎಂದೇ ಹೇಳಬೇಕು. ಅವರು ಕೆಮ್ಮುತ್ತಾ, ಮುಗುಳ್ನಗುತ್ತಾ, “ವಾರ ತಾನೇ” ಎಂದರು. ಎರಡು ಹಳೆಯ ಪಂಚೆ, ಅದರ ಮೇಲೆ ನನ್ನ ಒಂದು ಸೀರೆ, ಅದರ ಮೇಲೆ ಆ ಜರಡಿಯಂಥ ಹಳೆಯ ಕಂಬಳಿ, ಇದು ಅವರ ಹೊದಿಕೆ. ನಿದ್ದೆ ಹತ್ತಿದ ಮೇಲೆ ನಾನು ಹೊಸದನ್ನು ಹೊದಿಸುತ್ತಿದ್ದೆ. ಬೆಳಿಗ್ಗೆ ನೋಡಿದರೆ ಅದು ಮಡಿಸಿಕೊಂಡು ಟ್ರಂಕಿನ ಮೇಲೆ ಕೂತಿರುತ್ತಿತ್ತು.

ಮುಂದಿನ ಸಂತೆಗೆ ಹೋದೆ. ಕಂಬಳಿಯವನು ಬಂದಿರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವನು ಕೂರುತ್ತಿದ್ದ ಜಾಗದಲ್ಲಿ ದೇವರಾಯಸಮುದ್ರದಿಂದ ಬಂದವಳೊಬ್ಬಳು ಅವರೆಕಾಯಿ ರಾಶಿ ಹಾಕಿಕೊಂಡು ಕೂತಿದ್ದಳು. ಕೇಳಿದೆ.

“ಕಂಬಳಿ ತಾತನಾ? ಹೋಳೂರು ಕಡೆಯೋನು ಅಂತಾರೆ. ಯಾಕಮ್ಮಾ, ಕಂಬಳಿ ಕಿತ್ತೋಯ್ತಾ?”

“ಇಲ್ಲ. ದುಡ್ಡು ಕೊಡ್ಬೇಕಿತ್ತು.”

“ಕೊಡೋಕೆ ಹುಡುಕ್ತಾರಾ ಯಾರಾದ್ರೂ! ಮನೇಗೋಗಮ್ಮಾ, ತಾನೇ ಬತ್ತಾನೆ” ಎಂದು ನಕ್ಕಳು.

ಮನೆಗೆ ಬಂದು, ಅವನು ಬರಲಿಲ್ಲ, ಇನ್ನು ಹಟ ಬಿಡಿ ಎಂದೆ. ಮಿಕ್ಕ ದುಡ್ಡನ್ನು ಬೇರೆ ಕಟ್ಟಿಟ್ಟಿದ್ದೇನೆ, ಅದು ಅವನದೇ, ಇನ್ನೇನು ಬೇಕು ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಅವನ ಕೈಗೆ ಸೇರ್ಲಿ” ಎಂದರು. ಹೋಳೂರಿಗೆ ಹೋಗಿ ಹುಡುಕೋಣವೆಂದರೆ ಕಾಯಿಲೆಯವರನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಮೂರನೆಯ ಸಂತೆಗೂ ಅವನು ಬರಲಿಲ್ಲ. ನಾಲ್ಕನೆಯ ಸಂತೆಗೆ ನಾನು ಹೋಗಲಿಲ್ಲ. ಪುಷ್ಯಮಾಸದ ಆ ವಾರದಲ್ಲಿ ಅವರು ಹೋಗಿಬಿಟ್ಟರು.

ಕಂಬಳಿಯಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ, ಶ್ವಾಸಕೋಶವೇ ಸೋತಿತ್ತು ಎಂದು ಡಾಕ್ಟರು ಹೇಳಿದರು. ಆ ಮಾತನ್ನು ನಂಬುವ ದಿನಗಳಿವೆ, ನಂಬದ ದಿನಗಳೂ ಇವೆ. ಯಾವ ದಿನವಾದರೂ ಒಂದು ಮಾತು ಉಳಿಯುತ್ತದೆ: ಅವರು ಕೊನೆಯ ಮೂರು ವಾರ ನಡುಗಿದರು, ಕೈಗೆಟಕುವಷ್ಟು ದೂರದಲ್ಲಿ ಹೊಸ ಕಂಬಳಿ ಇತ್ತು. ಅವರು ಅದನ್ನು ಎಳೆದುಕೊಳ್ಳಬಹುದಿತ್ತು. ನಾನು ಇನ್ನೆರಡೂವರೆ ರೂಪಾಯಿ ಕೊಡಬಹುದಿತ್ತು. ಇವೆರಡರಲ್ಲಿ ಯಾವುದರ ಮೇಲೆ ಹೆಚ್ಚು ಸಿಟ್ಟು ಮಾಡಿಕೊಳ್ಳಬೇಕೆಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ನನ್ನ ತಮ್ಮ ಕೋಲಾರದ ಒಂದು ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಅವನು ಬಂದು ನನ್ನನ್ನು ಕರೆದುಕೊಂಡು ಹೋದ. ಟ್ರಂಕಿನ ಜೊತೆಗೆ ಕಂಬಳಿಯೂ ಬಂತು. ಅದನ್ನು ನಾನು ಹೊದೆಯಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಎರಡೂವರೆ ರೂಪಾಯಿ, ಅಂದರೆ ಅವನು ಮೊದಲು ಹೇಳಿದ ಆರಕ್ಕೆ ಕಡಿಮೆ ಬಿದ್ದದ್ದು ಪೂರ್ತಿ, ಒಂದು ಬಟ್ಟೆಯ ತುಂಡಿನಲ್ಲಿ ಕಟ್ಟಿ ಅದರ ಮಡಿಕೆಯೊಳಗೆ ಇಟ್ಟಿದ್ದೆ.

ಕೆಲವು ತಿಂಗಳಾದ ಮೇಲೆ ಮನೆಯ ಸಾಮಾನು ತರಲು ಕೋಲಾರದ ಸಂತೆಗೆ ಹೋಗತೊಡಗಿದೆ. ಮೊದಲ ದಿನ ಅಭ್ಯಾಸಬಲದಿಂದ ಬೆಳಿಗ್ಗೆ ಬೇಗ ಹೋಗಿ ಬದನೆಕಾಯಿಯವಳೊಬ್ಬಳ ಮುಂದೆ ನಿಂತೆ. ಅವಳು ನನ್ನ ಹಣೆ ನೋಡಿದಳು. ಒರಟು ಹೆಂಗಸೇನಲ್ಲ. ಮೆಲ್ಲಗೆ, ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದಳು:

“ಒಸಿ ಹಂಗೇ ಒಂದು ಸುತ್ತು ಹಾಕ್ಕೊಂಡು ಬಾ ಅಕ್ಕಾ. ಇನ್ನೂ ಬೋಣಿ ಆಗಿಲ್ಲ.”

ನಾನು ಸುತ್ತು ಹಾಕಲಿಲ್ಲ. ಮನೆಗೆ ಹೋದೆ. ಅವತ್ತು ಬಂದ ಸಿಟ್ಟು ಬೇರೆಯ ಥರದ್ದು. ಯಾರನ್ನು ಬೈಯುವುದು? ಅವಳ ನಂಬಿಕೆಯನ್ನು ಮೂಢತನ ಎನ್ನಬೇಕೆಂದರೆ, ಅದೇ ಮೂಢತನದಿಂದ ಇಪ್ಪತ್ತು ವರ್ಷ ಲಾಭ ಮಾಡಿಕೊಂಡವಳು ನಾನು. ನನ್ನ ಕೈಯಲ್ಲಿ ಅದೃಷ್ಟವಿದೆ ಎಂದಾಗ ಹಾಗೇನೂ ಇಲ್ಲ ಎಂದು ಒಂದು ಸಲವೂ ಹೇಳಿದವಳಲ್ಲ. ಅವರ ಭಯಕ್ಕೆ ಬೆಲೆ ಕಟ್ಟಿ, ಆ ಬೆಲೆಯನ್ನು ಸೊಪ್ಪಿನಲ್ಲೂ ಬೇಳೆಯಲ್ಲೂ ವಸೂಲು ಮಾಡಿದ್ದೆ. ಈಗ ಅದೇ ಭಯ ನನ್ನನ್ನು ದೂರ ನಿಲ್ಲಿಸಿದರೆ ನ್ಯಾಯ ಕೇಳಲು ನನಗೆ ಯಾವ ಮುಖ? ಉತ್ತರ ಗೊತ್ತಿದ್ದರೂ ಸಿಟ್ಟು ಇಳಿಯಲಿಲ್ಲ. ಅಂದಿನಿಂದ ಬಿಸಿಲೇರಿದ ಮೇಲೆ ಹೋಗುವುದು ರೂಢಿಯಾಯಿತು.

ಮತ್ತೆ ಚಳಿಗಾಲ ಬಂತು. ಒಂದು ಸಂತೆಯ ದಿನ ಕಂಬಳಿಯವನನ್ನು ಕಂಡೆ. ಅದೇ ಬಿಳಿ ಮೀಸೆ. ಮುಂದೆ ಮೂರೇ ಕಂಬಳಿ. ಕಟ್ಟಿಟ್ಟಿದ್ದ ದುಡ್ಡು ಮನೆಯಲ್ಲಿತ್ತು. ಓಡಿಹೋಗಿ ತಂದೆ. ಆದರೆ ಹತ್ತಿರ ಬಂದವಳು ನಿಂತುಬಿಟ್ಟೆ. ಅವನ ಬೋಣಿಯಾಗಿದೆಯೋ ಇಲ್ಲವೋ? ಒಂದು ಸಲ ಅವನ ದಿನವನ್ನು ಹಾಳುಮಾಡಿದ್ದು ಸಾಲದೆ ಮತ್ತೊಂದು ಸಲ ಮಾಡಬೇಕೆ? ಎದುರಿನ ಹುಣಸೆಮರದ ಕೆಳಗೆ ಕೂತೆ. ಒಬ್ಬ ಬಂದು ಕಂಬಳಿ ಮುಟ್ಟಿ ನೋಡಿ ಹೋದ. ಇನ್ನೊಬ್ಬ ಬೆಲೆ ಕೇಳಿ ನಕ್ಕು ಹೋದ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಒಬ್ಬ ಗಾಡಿಯವನು ಚೌಕಾಶಿ ಮಾಡಿ ಒಂದನ್ನು ಕೊಂಡ. ಕಂಬಳಿಯವನು ಕಾಸನ್ನು ಕಣ್ಣಿಗೊತ್ತಿಕೊಂಡದ್ದನ್ನು ನೋಡಿ ಎದ್ದೆ.

“ಏಮಮ್ಮಾ, ಆಗಿಂದ ನೋಡ್ತಾ ಇದೀನಿ, ಮರದ ಕೆಳಗೆ ಕೂತಿದ್ದೀಯ. ಕಂಬಳಿ ಬೇಕಾ?”

“ಕಂಬಳಿ ಬೇಡಪ್ಪಾ. ಹೋದ ವರ್ಷ ಮುಳಬಾಗಿಲಲ್ಲಿ ನಿನ್ನ ಹತ್ರ ಒಂದು ತಗೊಂಡಿದ್ದೆ. ಬೋಣಿಗೆ. ನೀನು ಆರು ಹೇಳ್ದೆ, ನಾನು ಮೂರೂವರೆ ಚಾಪೆ ಮೇಲಿಟ್ಟು ತಗೊಂಡೋದೆ.”

ಅವನು ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ನೋಡಿದ. “ಜ್ಞಾಪಕ ಇಲ್ಲಮ್ಮಾ.”

ನಾನು ಏನೇನೋ ನಿರೀಕ್ಷಿಸಿದ್ದೆ. ಬೈಗುಳವನ್ನೂ ನಿರೀಕ್ಷಿಸಿದ್ದೆ. ಇದನ್ನಲ್ಲ.

“ಆಮೇಲೆ ಮೂರು ಸಂತೆ ಬಂದು ನೋಡ್ದೆ. ನೀನು ಬರ್ಲೇ ಇಲ್ಲ.”

“ಉಣ್ಣೆ ಸಿಗ್ಲಿಲ್ಲ ತಾಯಿ. ಯುದ್ಧ ಅಂತ ಎಲ್ಲಾ ಎತ್ಕೊಂಡೋದ್ರು. ಮಗ್ಗ ಸುಮ್ನೆ ಕೂತಿತ್ತು.” ಆಮೇಲೆ ಕೇಳಿದ, “ಕಂಬಳಿ ಯಾರಿಗೆ ತಗೊಂಡಿದ್ದೆ?”

“ನಮ್ಮ ಯಜಮಾನ್ರಿಗೆ. ನಿನಗೆ ಮಿಕ್ಕಿದ್ದು ಕೊಡೋ ತನಕ ಹೊದ್ಕೊಳಲ್ಲ ಅಂದ್ರು. ಹೊದ್ಕೊಳ್ಳಲೇ ಇಲ್ಲ” ಎಂದು ಹೇಳಿ ಎರಡೂವರೆ ರೂಪಾಯಿಯನ್ನು ಅವನ ಮುಂದೆ ಇಟ್ಟೆ.

ಅವನು ನನ್ನ ಹಣೆ ನೋಡಿದ. ಆಮೇಲೆ ದುಡ್ಡನ್ನು ನನ್ನ ಕಡೆ ತಳ್ಳಿದ.

“ಇಷ್ಟು ಯಾಕಮ್ಮಾ? ಆರು ಅಂತ ಸುಮ್ನೆ ಅನ್ನೋದು. ಮೊದಲು ಬರೋರು ಎಳೀತಾರೆ ಅಂತ ಗೊತ್ತಲ್ಲ, ಅದಕ್ಕೇ ಸೇರಿಸಿ ಹೇಳ್ತೀವಿ. ನಾಲ್ಕೂವರೆ ಬಂದಿದ್ರೆ ಕೊಟ್ಬಿಡ್ತಿದ್ದೆ.”

“ಹಂಗಾದ್ರೆ ಒಂದು ರೂಪಾಯಿ ತಗೋ.”

“ಬೋಣಿಗೆ ಅಂತ ನಾಕಾಣೆ ಬಿಡೋದು ಪದ್ಧತಿ. ಹನ್ನೆರಡಾಣೆ ಕೊಡು, ಸಾಕು.”

“ಅದು ಬೇಡ, ಪೂರ್ತಿ ತಗೋಪ್ಪಾ. ಅವರು ಹೇಳಿದ್ದು.”

“ಪೂರ್ತಿ ಅಂದ್ರೆ ನಾನು ಹೇಳ್ದಷ್ಟು ತಾನೇ? ಹನ್ನೆರಡಾಣೆ.” ಅವನ ದನಿ ಗಟ್ಟಿಯಾಯಿತು. “ಏನು ತಾಯಿ, ಆವತ್ತು ಇಳಿಸೋಕೆ ಬಂದೆ, ಇವತ್ತು ಏರಿಸೋಕೆ ಬಂದಿದ್ದೀಯ. ಯಾವತ್ತಾದ್ರೂ ನನ್ನ ಬೆಲೆ ನನಗೆ ಹೇಳಕ್ಕೆ ಬಿಡ್ತೀಯಾ?”

ಹನ್ನೆರಡಾಣೆ ಎಣಿಸಿ ಕೊಟ್ಟೆ. ತೆಗೆದುಕೊಂಡು ಸೊಂಟದ ಚೀಲಕ್ಕೆ ಹಾಕಿದ. ಅವನು ಹೇಳಿದ್ದು ನಿಜವೋ, ನನ್ನ ಬರಿಯ ಹಣೆ ನೋಡಿ ಆ ಕ್ಷಣಕ್ಕೆ ಕಟ್ಟಿದ ಲೆಕ್ಕವೋ, ಕೇಳಿದರೂ ಹೇಳುತ್ತಿರಲಿಲ್ಲ. ನಿಜವಾಗಿದ್ದರೆ ನನ್ನ ಯಜಮಾನರು ಹನ್ನೆರಡಾಣೆಗೆ ಮೂರು ವಾರ ನಡುಗಿದರು. ಸುಳ್ಳಾಗಿದ್ದರೆ ನಾನು ಅವನಿಗೆ ಕೊಡಬೇಕಾದ್ದು ಇನ್ನೂ ನನ್ನ ಹತ್ತಿರವೇ ಇದೆ.

ಎದ್ದು ಮನೆಯ ದಾರಿ ಹಿಡಿದೆ. ಕ್ಲಾಕ್ ಟವರಿನ ಹತ್ತಿರ ಬರುವವರೆಗೆ ಮನಸ್ಸು ಹಗುರವಾಗಿತ್ತು. ಕೆಲಸ ಮುಗಿಯಿತು, ಅವರು ಹೇಳಿದ್ದನ್ನು ಮಾಡಿದೆ ಎಂದುಕೊಳ್ಳುತ್ತಾ ನಡೆಯುತ್ತಿದ್ದೆ. ಅಲ್ಲಿ ಗಾಡಿಗಳಿಗೆ ದಾರಿ ಬಿಟ್ಟು ನಿಂತಾಗ ನನ್ನ ಕೈ ಸೆರಗಿನಲ್ಲಿ ಮಿಕ್ಕಿದ್ದ ಒಂದು ರೂಪಾಯಿ ಹನ್ನೆರಡಾಣೆಯನ್ನು ಬಟ್ಟೆಯ ಮೇಲಿಂದಲೇ ಸವರುತ್ತಿರುವುದು ಗಮನಕ್ಕೆ ಬಂತು. ಅದರಲ್ಲಿ ಏನು ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ತಮ್ಮನ ಮಕ್ಕಳಿಗೆ ಬೆಲ್ಲ, ಸ್ವಲ್ಪ ಕಡಲೆ, ದೀಪದ ಎಣ್ಣೆ. ಮನಸ್ಸು ಹಗುರವಾಗಿದ್ದದ್ದು ಅವರ ಮಾತು ನಡೆಸಿದ್ದಕ್ಕಲ್ಲ, ಎರಡೂವರೆ ಹೋಗಬೇಕಾದಲ್ಲಿ ಹನ್ನೆರಡಾಣೆಯಲ್ಲಿ ಮುಗಿಯಿತಲ್ಲ ಎಂಬುದಕ್ಕೆ.

ಬೀದಿಯ ನಡುವೆ ನಿಂತು ಅತ್ತದ್ದು ಅದೊಂದೇ ಸಲ. ಹೋಗುವವರು ಗಂಡ ಸತ್ತವಳ ದುಃಖ ಎಂದುಕೊಂಡು ಬದಿಗೆ ಸರಿದು ದಾರಿ ಬಿಟ್ಟರು.